ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ಸೊಲೆನಾಯ್ಡ್, ಲಾಕಪ್: ಪದೇ ಪದೇ ಕೇಳುವ ಪ್ರಶ್ನೆಗಳು

ಆಟೊಮ್ಯಾಟಿಕ್ ಕಾರು ಇಟ್ಟುಕೊಂಡವರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆಗಳಿವು. ಕೆಲವು ಫೋನಿನಲ್ಲಿ ಬಂದವು, ಕೆಲವು ಪತ್ರದಲ್ಲಿ. ಜಾಸ್ತಿ ಬಂದದ್ದು ಗ್ಯಾರೇಜಿನ ಎಸ್ಟಿಮೇಟ್ ಕೈಯಲ್ಲಿ ಹಿಡಿದು ಕಂಗಾಲಾದವರಿಂದ. ಎಸ್ಟಿಮೇಟ್‌ನಲ್ಲಿ ಮೊದಲ ಸಾಲಿಗೇ "ಸೊಲೆನಾಯ್ಡ್" (ಗೇರ್‌ಬಾಕ್ಸ್ ಒಳಗೆ ಆಯಿಲ್ ದಾರಿ ತೆರೆದು ಮುಚ್ಚುವ ವಿದ್ಯುತ್ ವಾಲ್ವ್) ಎಂದು ಬರೆದಿರುತ್ತದೆ. ಅದು ಎಷ್ಟು ಸಲ ನಿಜ, ಎಷ್ಟು ಸಲ ಅಲ್ಲ ಎಂದು ತಿಳಿಯಬೇಕಾದರೆ ಒಳಗೆ ಏನು ನಡೆಯುತ್ತದೆ ಎಂಬುದು ಸ್ವಲ್ಪ ಗೊತ್ತಿರಬೇಕು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಶುರುವಿಗೆ

ನಮ್ಮದೂ ಆಟೊಮ್ಯಾಟಿಕ್ಕೇ. ಅದರಲ್ಲೂ ಟಾರ್ಕ್ ಕನ್ವರ್ಟರ್ ಇರುತ್ತಾ?

ಇರಲೇಬೇಕೆಂದಿಲ್ಲ. ಟಾರ್ಕ್ ಕನ್ವರ್ಟರ್ ಅಂದರೆ ಎಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಡಬ್ಬಿ. ಕ್ಲಚ್ ಪೆಡಲ್ ಇಲ್ಲದ್ದಕ್ಕೆಲ್ಲ ನಾವು ಆಟೊಮ್ಯಾಟಿಕ್ ಎನ್ನುತ್ತೇವೆ, ಆದರೆ ಒಳಗಿನ ಯಂತ್ರ ಬೇರೆ ಬೇರೆ. 2014ರಲ್ಲಿ ಸೆಲೆರಿಯೊ ಜೊತೆ ಬಂದ ಎಎಂಟಿಯಲ್ಲಿ ಇರುವುದು ಮಾಮೂಲಿ ಮ್ಯಾನ್ಯುಯಲ್ ಗೇರ್‌ಬಾಕ್ಸ್. ಕ್ಲಚ್ ಒತ್ತುವ, ಗೇರ್ ಹಾಕುವ ಕೆಲಸವನ್ನು ಯಂತ್ರ ಮಾಡುತ್ತದೆ, ಅಷ್ಟೇ. ಡಿಸಿಟಿಯಲ್ಲಿ ಎರಡು ಕ್ಲಚ್ ಇರುತ್ತವೆ, ಕನ್ವರ್ಟರ್ ಇಲ್ಲ. ಇನ್ನೋವಾ ಹೈಕ್ರಾಸ್‌ನ ಹೈಬ್ರಿಡ್‌ನಲ್ಲೂ ಇಲ್ಲ.

ಟಾರ್ಕ್ ಕನ್ವರ್ಟರ್ ಇರುವುದು ಇನ್ನೋವಾ ಕ್ರಿಸ್ಟಾದ 6 ಸ್ಪೀಡ್ ಆಟೊಮ್ಯಾಟಿಕ್, 2022ರ ನಂತರದ ಬ್ರೆಝಾದ 6 ಸ್ಪೀಡ್, ಎಕ್ಸ್‌ಯುವಿ700, ಸ್ಕಾರ್ಪಿಯೊ-ಎನ್, ಕ್ರೆಟಾ ಡೀಸೆಲ್ ಆಟೊಮ್ಯಾಟಿಕ್ ಇಂಥವುಗಳಲ್ಲಿ. ಹೋಂಡಾ ಸಿಟಿ ಸಿವಿಟಿಯಲ್ಲೂ ಮುಂದುಗಡೆ ಕನ್ವರ್ಟರ್ ಇದೆ, ಲಾಕಪ್ಪೂ (ಕನ್ವರ್ಟರನ್ನು ನೇರವಾಗಿ ಕಚ್ಚಿಸುವ ಕ್ಲಚ್) ಇದೆ. ಆದರೆ ಅಲ್ಲಿ ಹಂತ ಹಂತದ ಗೇರುಗಳಿಲ್ಲ. ಹಾಗಾಗಿ ಗೇರ್ ಬದಲಾಯಿಸುವ ಸೊಲೆನಾಯ್ಡ್ ಬಗ್ಗೆ ಕೆಳಗೆ ಹೇಳಿದ್ದು ಅದಕ್ಕೆ ಅನ್ವಯಿಸುವುದಿಲ್ಲ.

ಕ್ಲಚ್ಚೇ ಒತ್ತದೆ ಸಿಗ್ನಲ್‌ನಲ್ಲಿ ಡಿ ನಲ್ಲಿ ನಿಂತಿರ್ತೀವಿ. ಎಂಜಿನ್ ಯಾಕೆ ಆಫ್ ಆಗಲ್ಲ?

ಎಂಜಿನ್ನಿಗೂ ಗೇರ್‌ಬಾಕ್ಸ್‌ಗೂ ನಡುವೆ ಗಟ್ಟಿಯಾದ ಜೋಡಣೆ ಇಲ್ಲ, ಆಯಿಲ್ ಮಾತ್ರ ಇದೆ. ಅದಕ್ಕೇ ಎಂಜಿನ್ ತಿರುಗುತ್ತಿದ್ದರೂ ಚಕ್ರ ನಿಂತಿರಬಹುದು.

ಕನ್ವರ್ಟರ್ ಒಂದು ದಪ್ಪನೆಯ ಉಕ್ಕಿನ ಡಬ್ಬಿ. ಅದರ ಹೊರಕವಚ ಎಂಜಿನ್ನಿಗೆ ಬೋಲ್ಟ್ ಆಗಿರುತ್ತದೆ. ಕವಚದ ಒಳಗೋಡೆಯಲ್ಲೇ ಬೆಸೆದಿರುವ ರೆಕ್ಕೆಗಳಿಗೆ ಇಂಪೆಲ್ಲರ್ ಎಂದು ಹೆಸರು. ಎಂಜಿನ್ ತಿರುಗಿದಾಗ ಅವು ಆಯಿಲನ್ನು ಹೊರ ಅಂಚಿಗೆ ಎಸೆಯುತ್ತವೆ. ಎದುರಿಗಿರುವ ಟರ್ಬೈನ್ ಗೇರ್‌ಬಾಕ್ಸ್‌ನ ಶಾಫ್ಟಿಗೆ ಸೇರಿದ್ದು. ಬಂದು ಬಡಿದ ಆಯಿಲ್ ಅದನ್ನು ತಿರುಗಿಸಲು ನೋಡುತ್ತದೆ. ಐಡಲ್‌ನಲ್ಲಿ ಈ ತಳ್ಳಾಟ ಕಮ್ಮಿ. ಬ್ರೇಕ್ ಅದನ್ನು ಸುಲಭವಾಗಿ ತಡೆಯುತ್ತದೆ. ಬ್ರೇಕ್ ಬಿಟ್ಟ ಕೂಡಲೇ ಗಾಡಿ ತಾನಾಗಿ ಮೆಲ್ಲಗೆ ಮುಂದೆ ಹೋಗುತ್ತದಲ್ಲ, ಅದು ಇದೇ ತಳ್ಳಾಟ.

ಇವೆರಡರ ಮಧ್ಯೆ ಸ್ಟೇಟರ್ ಎಂಬ ಮೂರನೆಯ ರೆಕ್ಕೆ ಚಕ್ರವಿದೆ. ಅದು ಒಂದೇ ದಿಕ್ಕಿಗೆ ತಿರುಗಬಲ್ಲದು. ಟರ್ಬೈನಿನಿಂದ ವಾಪಸ್ ಬರುವ ಆಯಿಲನ್ನು ಅದು ತಿರುಗಿಸಿ, ಇಂಪೆಲ್ಲರ್‌ಗೆ ಸಹಾಯವಾಗುವ ದಿಕ್ಕಿನಲ್ಲಿ ಬಿಡುತ್ತದೆ. ಇದರಿಂದ ಗಾಡಿ ಹೊರಡುವಾಗ ಎಂಜಿನ್ ಕೊಟ್ಟ ಟಾರ್ಕ್ ಸುಮಾರು 2 ಪಟ್ಟಿನಷ್ಟಾಗಿ ಗೇರ್‌ಬಾಕ್ಸ್‌ಗೆ ಸೇರುತ್ತದೆ. ಲೋಡ್ ಇದ್ದರೂ ಆಟೊಮ್ಯಾಟಿಕ್ ಗಾಡಿ ಏರಿನಲ್ಲಿ ಸಲೀಸಾಗಿ ಹೊರಡುವುದು ಹೀಗೆ.

ಆಯಿಲ್ ಮೂಲಕ ಶಕ್ತಿ ಹೋದ್ರೆ ದಾರಿಯಲ್ಲಿ ಸೋರಿ ಹೋಗಲ್ವಾ?

ಹೋಗುತ್ತದೆ. ಟರ್ಬೈನ್ ಯಾವತ್ತೂ ಇಂಪೆಲ್ಲರ್‌ಗಿಂತ ಸ್ವಲ್ಪ ನಿಧಾನವಾಗಿಯೇ ತಿರುಗುತ್ತದೆ. ಈ ವ್ಯತ್ಯಾಸಕ್ಕೆ ಸ್ಲಿಪ್ ಎನ್ನುತ್ತಾರೆ. ಸಮತಟ್ಟು ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವಾಗಲೂ ಸ್ಲಿಪ್ ಸೊನ್ನೆಯಾಗುವುದಿಲ್ಲ.

ಒಂದು ಲೆಕ್ಕ ಹಾಕೋಣ. ದೊಡ್ಡ ಗಾಡಿಯೊಂದು ಹೆದ್ದಾರಿಯಲ್ಲಿ 20 ಕಿಲೋವಾಟ್ ಶಕ್ತಿ ಬಳಸಿ ಓಡುತ್ತಿದೆ, ಸ್ಲಿಪ್ ಶೇ 5 ಇದೆ ಎಂದುಕೊಳ್ಳಿ. ಆಗ ಸುಮಾರು 1 ಕಿಲೋವಾಟ್ ಸುಮ್ನೆ ಶಾಖವಾಗಿ ಹೋಗುತ್ತದೆ. ಬಕೆಟ್‌ನಲ್ಲಿ ನೀರು ಕಾಯಿಸುವ ಕಾಯಿಲನ್ನು ಗೇರ್ ಆಯಿಲ್‌ನಲ್ಲಿ ಮುಳುಗಿಸಿ, ಬೆಂಗಳೂರಿನಿಂದ ಹುಬ್ಬಳ್ಳಿವರೆಗೆ ಆನ್ ಮಾಡಿಟ್ಟ ಹಾಗೆ. ಇಂಧನವೂ ಹೋಯಿತು, ಆಯಿಲೂ ಬಿಸಿಯಾಯಿತು. ಇದನ್ನು ತಪ್ಪಿಸಲು ಕನ್ವರ್ಟರ್ ಒಳಗೆ ಇನ್ನೊಂದು ಕ್ಲಚ್ ಇಟ್ಟಿದ್ದಾರೆ. ಬೇಕಾದಾಗ ಅದು ಟರ್ಬೈನನ್ನು ಕವಚಕ್ಕೆ ನೇರವಾಗಿ ಕಚ್ಚಿಸುತ್ತದೆ. ಅದೇ ಲಾಕಪ್.

ಸೊಲೆನಾಯ್ಡ್ ಅಂದ್ರೆ ಏನು ಸಾರ್? ಹೆಬ್ಬೆರಳಷ್ಟು ದಪ್ಪ ಇರೋದು ಗೇರ್ ಹೇಗೆ ಹಾಕುತ್ತೆ?

ಅದು ಗೇರ್ ಹಾಕುವುದಿಲ್ಲ. ಗೇರ್ ಹಾಕುವುದು ಆಯಿಲ್ ಒತ್ತಡ. ಸೊಲೆನಾಯ್ಡ್ ಆ ಆಯಿಲಿಗೆ ದಾರಿ ಬಿಡುತ್ತದೆ ಅಥವಾ ತಡೆಯುತ್ತದೆ.

ಒಂದನ್ನು ಬಿಚ್ಚಿ ನೋಡಿದರೆ ಒಳಗೆ ತಾಮ್ರದ ತಂತಿಯ ಸುರುಳಿ, ನಡುವೆ ಜಾರುವ ಕಬ್ಬಿಣದ ತುಂಡು, ಒಂದು ಸಣ್ಣ ಸ್ಪ್ರಿಂಗ್, ಮೂತಿಯಲ್ಲಿ ಚಿಕ್ಕ ಗುಂಡು ಅಥವಾ ಮುಚ್ಚಳ ಕಾಣುತ್ತವೆ. ಹಲವದರಲ್ಲಿ ಆಯಿಲ್ ಬರುವ ತೂತಿಗೆ ಕೂದಲಷ್ಟು ತೆಳು ಎಳೆಯ ಜಾಲರಿಯೂ ಇರುತ್ತದೆ. ಕರೆಂಟ್ ಬಂದರೆ ಸುರುಳಿ ಅಯಸ್ಕಾಂತವಾಗಿ ಕಬ್ಬಿಣವನ್ನು ಎಳೆಯುತ್ತದೆ. ಹೋದರೆ ಸ್ಪ್ರಿಂಗ್ ವಾಪಸ್ ತಳ್ಳುತ್ತದೆ. ಎಳೆಯುವ ದೂರ ಒಂದೆರಡು ಮಿಲಿಮೀಟರ್ ಕೂಡ ಇರುವುದಿಲ್ಲ.

ಹೀಗೆ ಬಿಟ್ಟ ಆಯಿಲ್ ವಾಲ್ವ್ ಬಾಡಿಯ (ಆಯಿಲ್ ದಾರಿಗಳನ್ನು ಕೊರೆದಿರುವ ಲೋಹದ ಪೆಟ್ಟಿಗೆ) ಒಂದು ಸ್ಪೂಲ್ ವಾಲ್ವನ್ನು, ಅಂದರೆ ಕೊಳವೆಯಲ್ಲಿ ಜಾರುವ ವಾಲ್ವನ್ನು, ಸರಿಸುತ್ತದೆ. ಆ ವಾಲ್ವ್ ಪಂಪಿನ ದೊಡ್ಡ ಒತ್ತಡವನ್ನು ಗೇರ್‌ಬಾಕ್ಸ್ ಒಳಗಿನ ಕ್ಲಚ್‌ನ ಪಿಸ್ಟನ್ ಮೇಲೆ ಬಿಡುತ್ತದೆ. ಪಿಸ್ಟನ್ ವಿಸ್ತೀರ್ಣ 100 ಚದರ ಸೆಂಟಿಮೀಟರ್, ಆಯಿಲ್ ಒತ್ತಡ 10 ಬಾರ್ ಇದ್ದರೆ ಕ್ಲಚ್ ತಟ್ಟೆಗಳ ಮೇಲೆ ಬೀಳುವ ಭಾರ ಸುಮಾರು 1 ಟನ್. ಅಷ್ಟನ್ನು ಆಡಿಸಲು ಸೊಲೆನಾಯ್ಡ್ ಬಳಸುವುದು ಒಂದು ಆಂಪಿಯರ್‌ನಷ್ಟು ಕರೆಂಟ್. ಆಯಿಲ್ ಕಮ್ಮಿಯಾದರೆ, ಕೊಳೆಯಾದರೆ, ಪಂಪ್ ಸವೆದಿದ್ದರೆ ಹೊಸ ಸೊಲೆನಾಯ್ಡ್ ಹಾಕಿಯೂ ಪ್ರಯೋಜನವಿಲ್ಲ ಎನ್ನುವುದು ಇಲ್ಲೇ ಗೊತ್ತಾಗುತ್ತದೆ, ಅಲ್ವಾ?

ಬ್ಯಾಟರಿ ಡೌನ್ ಆಗಿದೆ. ನಾಲ್ಕು ಜನ ತಳ್ಳಿದ್ರೆ ಸ್ಟಾರ್ಟ್ ಆಗುತ್ತಾ?

ಆಗುವುದಿಲ್ಲ. ಆಯಿಲ್ ಪಂಪನ್ನು ತಿರುಗಿಸುವುದು ಕನ್ವರ್ಟರಿನ ಕುತ್ತಿಗೆ, ಅದನ್ನು ತಿರುಗಿಸುವುದು ಎಂಜಿನ್. ಎಂಜಿನ್ ನಿಂತಿದ್ದರೆ ಒತ್ತಡವಿಲ್ಲ, ಒತ್ತಡವಿಲ್ಲದೆ ಕ್ಲಚ್ ಕಚ್ಚುವುದಿಲ್ಲ. ಜಂಪ್ ಸ್ಟಾರ್ಟ್ ಮಾಡಿ. ಕೆಟ್ಟು ನಿಂತ ಗಾಡಿಯನ್ನು ಹಗ್ಗ ಕಟ್ಟಿ ದೂರ ಎಳೆಯುವುದೂ ಬೇಡ. ಪಂಪ್ ಓಡದಿದ್ದಾಗ ಒಳಗಿನ ಭಾಗಗಳು ಆಯಿಲಿಲ್ಲದೆ ತಿರುಗಿ ಸುಟ್ಟು ಹೋಗುತ್ತವೆ. ಡ್ರೈವ್ ಚಕ್ರಗಳು ನೆಲಕ್ಕೆ ತಾಗದ ಹಾಗೆ ಎತ್ತಿಸಿ, ಇಲ್ಲವೇ ಫ್ಲ್ಯಾಟ್‌ಬೆಡ್ ಕರೆಸಿ.

## ಸೊಲೆನಾಯ್ಡ್ ಕೆಲಸ

ನಾಲ್ಕು ಗೇರಿಗೆ ಎರಡೇ ಶಿಫ್ಟ್ ಸೊಲೆನಾಯ್ಡ್ ಅಂತಾರೆ. ಲೆಕ್ಕ ಹೇಗೆ ಸರಿಹೋಗುತ್ತೆ?

ಎರಡು ಸ್ವಿಚ್ ಇದ್ದರೆ ನಾಲ್ಕು ಜೋಡಣೆ ಸಿಗುತ್ತವೆ. ಟೊಯೋಟಾದ ಹಳೆಯ 4 ಸ್ಪೀಡ್ ಗೇರ್‌ಬಾಕ್ಸ್ ಎ140ಇ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿನ ಎರಡು ಸೊಲೆನಾಯ್ಡ್‌ಗಳನ್ನು ಎಸ್1, ಎಸ್2 ಎನ್ನುತ್ತಾರೆ. ಎಸ್1 ಮಾತ್ರ ಆನ್ ಇದ್ದರೆ 1ನೇ ಗೇರ್. ಎರಡೂ ಆನ್ ಆದರೆ 2. ಎಸ್1 ಆಫ್ ಆಗಿ ಎಸ್2 ಮಾತ್ರ ಉಳಿದರೆ 3. ಎರಡೂ ಆಫ್ ಆದರೆ 4, ಅಂದರೆ ಓವರ್‌ಡ್ರೈವ್. ಲಾಕಪ್‌ಗೆ ಬೇರೆ ಸೊಲೆನಾಯ್ಡ್ ಇದೆ.

ಇಲ್ಲೊಂದು ಜಾಣತನ ಗಮನಿಸಿ. ಗಾಡಿ ಜಾಸ್ತಿ ಹೊತ್ತು ಓಡುವುದು ಟಾಪ್ ಗೇರಿನಲ್ಲಿ. ಅಲ್ಲಿ ಎರಡಕ್ಕೂ ಕರೆಂಟ್ ಬೇಕಿಲ್ಲ.

ದೋಷ ಹುಡುಕುವಾಗಲೂ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಎಸ್1ರ ತಂತಿ ತುಂಡಾಗಿದೆ ಎಂದುಕೊಳ್ಳಿ. 1ನೇ ಗೇರಿಗೆ ಬೇಕಾದ "ಎಸ್1 ಆನ್, ಎಸ್2 ಆಫ್" ಎನ್ನುವುದು "ಎರಡೂ ಆಫ್" ಆಗುತ್ತದೆ. ಕಂಪ್ಯೂಟರ್ ಗಮನಿಸದೆ ಹೋದರೆ ಗಾಡಿ 4ನೇ ಗೇರಿನಲ್ಲಿ ಹೊರಡಲು ಒದ್ದಾಡುತ್ತದೆ. ಮೆಕ್ಯಾನಿಕ್ "ಪಿಕಪ್ ಇಲ್ಲ, ಕ್ಲಚ್ ಪ್ಲೇಟ್ ಹೋಗಿದೆ" ಎಂದರೂ ಅನ್ನಬಹುದು. ತೊಂದರೆ ಇರುವುದು ಒಂದು ತಂತಿಯಲ್ಲಿ.

ಈಗಿನ 6 ಸ್ಪೀಡ್‌ಗಳಲ್ಲಿ ಲೆಕ್ಕ ಬೇರೆ. ಹೆಚ್ಚುಕಮ್ಮಿ ಪ್ರತಿ ಕ್ಲಚ್ಚಿಗೂ ಅದರದ್ದೇ ಸೊಲೆನಾಯ್ಡ್ ಇರುತ್ತದೆ. ಅದು ಬರೀ ತೆರೆದು ಮುಚ್ಚುವುದಿಲ್ಲ, ಎಷ್ಟು ಒತ್ತಡ ಕೊಡಬೇಕೆಂದು ಅಳೆದು ಕೊಡುತ್ತದೆ.

ಆನ್-ಆಫ್, ಪಿಡಬ್ಲ್ಯುಎಂ, ಲೀನಿಯರ್ ಅಂತ ಮೂರು ಹೆಸರು ಹೇಳ್ತಾರೆ. ಏನು ವ್ಯತ್ಯಾಸ?

ಆನ್-ಆಫ್ ಬಗೆಯದಕ್ಕೆ ಎರಡೇ ಸ್ಥಿತಿ. ತೆರೆದಿರುತ್ತದೆ, ಇಲ್ಲವೇ ಮುಚ್ಚಿರುತ್ತದೆ. ಯಾವ ಗೇರ್ ಎಂದು ಆರಿಸಲು ಅಷ್ಟು ಸಾಕು.

ಪಿಡಬ್ಲ್ಯುಎಂ (ಪಲ್ಸ್ ವಿಡ್ತ್ ಮಾಡ್ಯುಲೇಶನ್) ಬಗೆಯದನ್ನು ಕಂಪ್ಯೂಟರ್ ಪಟಪಟ ತೆರೆದು ಮುಚ್ಚುತ್ತದೆ. ಜನರಲ್ ಮೋಟರ್ಸ್‌ನ 4ಎಲ್60-ಇ ಗೇರ್‌ಬಾಕ್ಸ್‌ನ ಲಾಕಪ್ ಸೊಲೆನಾಯ್ಡ್ ಸೆಕೆಂಡಿಗೆ 32 ಸಲ ಹೀಗೆ ಬಡಿದುಕೊಳ್ಳುತ್ತದೆ. ಪ್ರತಿ ಬಡಿತದಲ್ಲಿ ಎಷ್ಟು ಹೊತ್ತು ತೆರೆದಿತ್ತು ಎನ್ನುವುದರ ಮೇಲೆ ಸರಾಸರಿ ಒತ್ತಡ ನಿಲ್ಲುತ್ತದೆ. ಲಾಕಪ್ ಧಡಕ್ಕೆಂದು ಕಚ್ಚದೆ ಮೆಲ್ಲಗೆ ಕಚ್ಚಲು ಇದು ಬೇಕು.

ಲೀನಿಯರ್ ಬಗೆಯದು ಇನ್ನೂ ನಯ. ಅದಕ್ಕೆ ಬರುವ ವಿದ್ಯುತ್ ಕೂಡ ತುಂಡು ತುಂಡೇ, ಸೆಕೆಂಡಿಗೆ 300ರ ಆಸುಪಾಸು. ಆದರೆ ಆ ವೇಗಕ್ಕೆ ಒಳಗಿನ ಕಬ್ಬಿಣ ಪೂರ್ತಿ ಹಿಂದೆ ಮುಂದೆ ಹೋಗಲಾರದು. ಕರೆಂಟಿಗೆ ತಕ್ಕ ಒಂದು ಜಾಗದಲ್ಲಿ ಸಣ್ಣಗೆ ನಡುಗುತ್ತಾ ನಿಲ್ಲುತ್ತದೆ. ಆ ನಡುಕವೂ ಒಳ್ಳೆಯದೇ, ಕಸ ಸಿಕ್ಕಿಕೊಳ್ಳಲು ಬಿಡುವುದಿಲ್ಲ.

ಕರೆಂಟೇ ಹೋಗ್ದಿದ್ರೆ ಗಾಡಿ ನಡುರಸ್ತೆಯಲ್ಲಿ ನಿಂತು ಬಿಡುತ್ತಾ?

ಸಾಮಾನ್ಯವಾಗಿ ಇಲ್ಲ. ಎಲ್ಲ ಸೊಲೆನಾಯ್ಡ್ ಸತ್ತರೂ ಒಂದು ಮುಂದಿನ ಗೇರ್ ಮತ್ತು ರಿವರ್ಸ್ ಸಿಗುವ ಹಾಗೆ ಆಯಿಲ್ ದಾರಿಗಳನ್ನು ಮಾಡಿರುತ್ತಾರೆ. ಇದೇ ಲಿಂಪ್ ಮೋಡ್. ಮುಖ್ಯ ಒತ್ತಡದ ಸೊಲೆನಾಯ್ಡ್ ಹೆಚ್ಚಿನ ಗಾಡಿಗಳಲ್ಲಿ ಕರೆಂಟ್ ಇಲ್ಲದಾಗ ಪೂರ್ತಿ ಒತ್ತಡ ಕೊಡುವ ಬಗೆಯದು. ಒತ್ತಡ ಕಮ್ಮಿಯಾಗಿ ಕ್ಲಚ್ ಜಾರಿ ಸುಡುವುದಕ್ಕಿಂತ ಜೋರಾಗಿ ಕಚ್ಚುವುದೇ ವಾಸಿ ಎಂಬ ಯೋಚನೆ ಅದು. ಅದಕ್ಕೇ ಲಿಂಪ್ ಮೋಡಿನಲ್ಲಿ ಎನ್ ನಿಂದ ಡಿ ಗೆ ಹಾಕಿದರೆ ಬೆನ್ನಿಗೆ ಗುದ್ದಿದ ಹಾಗಾಗುತ್ತದೆ. ಆಗ ಲಾಕಪ್ ಕೂಡ ಆಗುವುದಿಲ್ಲ. ಹತ್ತಿರದ ಗ್ಯಾರೇಜಿಗೆ ನಿಧಾನವಾಗಿ ಹೋಗಿ. ಟೂರ್ ಮುಂದುವರಿಸಬೇಡಿ.

## ಲಾಕಪ್

ಡಬ್ಬಿ ಪೂರ್ತಿ ಆಯಿಲ್. ಅದರೊಳಗೆ ಕ್ಲಚ್ ಕಚ್ಚೋದಾದ್ರೂ ಹೇಗೆ?

ಟರ್ಬೈನಿಗೂ ಮುಂದಿನ ಕವಚಕ್ಕೂ ಮಧ್ಯೆ ಒಂದು ಅಗಲವಾದ ತಟ್ಟೆ ಇದೆ. ಅದೇ ಲಾಕಪ್ ಪಿಸ್ಟನ್. ಅದರ ಅಂಚಿನಲ್ಲಿ ಬಳೆಯಾಕಾರದಲ್ಲಿ ಘರ್ಷಣೆಯ ಲೈನಿಂಗ್ ಅಂಟಿಸಿರುತ್ತಾರೆ. ಟರ್ಬೈನಿನ ಜೊತೆ ತಿರುಗುತ್ತಾ ಅದು ಹಿಂದೆ ಮುಂದೆ ಸ್ವಲ್ಪ ಜಾರಬಲ್ಲದು.

ಸರಳ ಬಗೆಯ ಕನ್ವರ್ಟರಿನಲ್ಲಿ ಎಲ್ಲವೂ ಆಯಿಲ್ ಯಾವ ಕಡೆಯಿಂದ ಬರುತ್ತದೆ ಎನ್ನುವುದರ ಮೇಲೆ ನಿಂತಿದೆ. ಲಾಕ್ ಬೇಡದಾಗ ಆಯಿಲ್ ಶಾಫ್ಟಿನ ನಡುವಿನ ತೂತಿನಿಂದ ಬಂದು ತಟ್ಟೆ ಮತ್ತು ಕವಚದ ಸಂದಿಗೆ ನುಗ್ಗುತ್ತದೆ. ತಟ್ಟೆ ಕವಚದಿಂದ ದೂರ ಸರಿಯುತ್ತದೆ. ಆಯಿಲ್ ಅಂಚನ್ನು ದಾಟಿ ಉಳಿದ ಭಾಗಕ್ಕೆ ಹೋಗುತ್ತದೆ. ಲಾಕ್ ಬೇಕೆಂದಾಗ ಸೊಲೆನಾಯ್ಡ್ ಲಾಕಪ್ ವಾಲ್ವನ್ನು ಸರಿಸುತ್ತದೆ, ಹರಿವು ತಿರುಗುಮುರುಗಾಗುತ್ತದೆ. ಈಗ ಒತ್ತಡ ಟರ್ಬೈನ್ ಕಡೆಯಿಂದ, ಮುಂದಿನ ಸಂದಿಯ ಆಯಿಲ್ ಹೊರಗೆ. ತಟ್ಟೆ ಕವಚಕ್ಕೆ ಒತ್ತಿಕೊಳ್ಳುತ್ತದೆ. ಎಂಜಿನ್ ಮತ್ತು ಶಾಫ್ಟ್ ಒಂದಾದವು.

ಗಟ್ಟಿಯಾಗಿ ಕಚ್ಚಿದ ಮೇಲೆ ಎಂಜಿನ್ನಿನ ಪ್ರತಿ ಹೊಡೆತವೂ ನೇರವಾಗಿ ಗೇರ್‌ಬಾಕ್ಸ್‌ಗೆ ಬರುತ್ತದೆ. ಅದನ್ನು ತಡೆಯಲು ತಟ್ಟೆಯಲ್ಲಿ ಸುತ್ತಲೂ ಡ್ಯಾಂಪರ್ ಸ್ಪ್ರಿಂಗ್‌ಗಳಿವೆ. ಹೊಸ ಕನ್ವರ್ಟರ್‌ಗಳಲ್ಲಿ ಪಿಸ್ಟನ್ನಿಗೆ ಪ್ರತ್ಯೇಕ ಆಯಿಲ್ ದಾರಿ, ಒಂದಕ್ಕಿಂತ ಹೆಚ್ಚು ತಟ್ಟೆ ಎಲ್ಲ ಬಂದಿವೆ. ಮೂಲ ತತ್ವ ಇದೇ.

ನಂದು 4 ಸ್ಪೀಡ್. ಆದ್ರೆ 5ನೇ ಗೇರ್ ಬಿದ್ದ ಹಾಗೆ ಅನಿಸುತ್ತೆ. ಭ್ರಮೆನಾ?

ಭ್ರಮೆ ಅಲ್ಲ, ಅದು ಲಾಕಪ್. ಟಾಪ್ ಗೇರ್ ಬಿದ್ದ ಸ್ವಲ್ಪ ಹೊತ್ತಿಗೆ ಆರ್‌ಪಿಎಂ ಮುಳ್ಳು ಇನ್ನೊಂದು 200–300 ಇಳಿಯುತ್ತದೆ, ವೇಗ ಹಾಗೇ ಇರುತ್ತದೆ.

ಖಾತ್ರಿ ಮಾಡಿಕೊಳ್ಳಬೇಕೆಂದರೆ ಖಾಲಿ ರಸ್ತೆಯಲ್ಲಿ 80ರ ವೇಗ ಹಿಡಿದು ಆಕ್ಸಿಲರೇಟರನ್ನು ಒಂಚೂರು ಒತ್ತಿ ನೋಡಿ. ವೇಗದ ಜೊತೆಗೇ ಆರ್‌ಪಿಎಂ ನಿಧಾನವಾಗಿ ಏರಿದರೆ ಲಾಕ್ ಆಗಿದೆ. ಗಾಡಿ ಎಳೆಯುವ ಮುಂಚೆಯೇ ಆರ್‌ಪಿಎಂ ಹಾರಿದರೆ ಲಾಕ್ ಇಲ್ಲ. ಅದೇ ವೇಗದಲ್ಲಿ ಎಡಗಾಲಿನಿಂದ ಬ್ರೇಕನ್ನು ಲೈಟ್ ಹತ್ತುವಷ್ಟು ಮಾತ್ರ ಮುಟ್ಟಿದರೆ ಹಲವು ಗಾಡಿಗಳಲ್ಲಿ ಲಾಕ್ ಬಿಟ್ಟು ಮುಳ್ಳು ಜಿಗಿಯುತ್ತದೆ. ಹಿಂದೆ ಗಾಡಿ ಇಲ್ಲದಾಗ ಮಾತ್ರ ಇದನ್ನು ಮಾಡಿ.

ಯಾವಾಗ ಲಾಕ್ ಆಗಬೇಕು ಅಂತ ಯಾರು ತೀರ್ಮಾನ ಮಾಡ್ತಾರೆ?

ಗೇರ್‌ಬಾಕ್ಸ್‌ನ ಕಂಪ್ಯೂಟರ್, ಅಂದರೆ ಟಿಸಿಎಂ. ಅದು ಗಾಡಿಯ ವೇಗ, ಆಕ್ಸಿಲರೇಟರ್ ಎಷ್ಟು ಒತ್ತಿದ್ದೀರಿ, ಯಾವ ಗೇರ್, ಆಯಿಲ್ ಎಷ್ಟು ಬಿಸಿ, ಬ್ರೇಕ್ ಒತ್ತಿದ್ದೀರಾ ಎಂದೆಲ್ಲ ನೋಡುತ್ತದೆ. ತಣ್ಣಗಿನ ಎಂಜಿನ್ನಿನಲ್ಲಿ ಲಾಕ್ ಕೊಡುವುದಿಲ್ಲ. ಚಳಿಗಾಲದ ಬೆಳಿಗ್ಗೆ ಮಡಿಕೇರಿಯಲ್ಲಿ ಗಾಡಿ ತೆಗೆದರೆ ಮೊದಲ ಕೆಲವು ಕಿಲೋಮೀಟರ್ ಆರ್‌ಪಿಎಂ ಜಾಸ್ತಿ ಇರುವುದು ಸಹಜ. ಜೋರಾಗಿ ಆಕ್ಸಿಲರೇಟರ್ ಒತ್ತಿದಾಗಲೂ ಬಿಡುತ್ತದೆ, ಕನ್ವರ್ಟರ್ ಟಾರ್ಕ್ ಹೆಚ್ಚಿಸಲಿ ಎಂದು. ಹಳೆಯವು 3, 4ನೇ ಗೇರಿನಲ್ಲಿ ಮಾತ್ರ ಲಾಕ್ ಆಗುತ್ತಿದ್ದವು. ಈಗಿನವು 2ನೇ ಗೇರಿನಲ್ಲೇ ಆಗುವುದುಂಟು. ಅದಕ್ಕೇ ಹೊಸ ಗಾಡಿ ಓಡಿಸುವವರಿಗೆ ರಬ್ಬರ್ ಎಳೆದಂಥ ಆ ಹಳೆಯ ಅನುಭವ ಈಗ ಸಿಗುವುದಿಲ್ಲ.

ಶಿರಾಡಿ, ಚಾರ್ಮಾಡಿ ಹತ್ತುವಾಗ ಡಿ ನಲ್ಲೇ ಬಿಟ್ರೆ ಸಾಕಾ?

ಗಾಡಿ ಹತ್ತುತ್ತದೆ. ಆದರೆ ತಿರುವು ತಿರುವಿಗೂ ವೇಗ ಇಳಿದು, ಲಾಕ್ ಬಿಟ್ಟು, ಕನ್ವರ್ಟರ್ ಜಾರುತ್ತಲೇ ಇರುತ್ತದೆ. ಮುಂದೆ ಲೋಡ್ ಲಾರಿ ಇದ್ದರಂತೂ ಕೇಳುವುದೇ ಬೇಡ. ಜಾರಿದಷ್ಟೂ ಆಯಿಲ್ ಬಿಸಿ. ಮ್ಯಾನ್ಯುಯಲ್ ಮೋಡಿಗೆ ಹಾಕಿ 2 ಅಥವಾ 3ನೇ ಗೇರಿನಲ್ಲಿ ನಿಲ್ಲಿಸಿಕೊಳ್ಳಿ. ಎಂಜಿನ್ ಶಬ್ದ ಜಾಸ್ತಿಯಾಗುತ್ತದೆ, ಹೆದರಬೇಡಿ. ಆರ್‌ಪಿಎಂ ಏರಿದರೆ ಪಂಪ್ ಹೆಚ್ಚು ಆಯಿಲ್ ತಳ್ಳುತ್ತದೆ, ಸ್ಲಿಪ್ ಕಮ್ಮಿಯಾಗುತ್ತದೆ.

ಇಳಿಯುವಾಗಲೂ ಸಣ್ಣ ಗೇರೇ ಇರಲಿ. ಲಾಕ್ ಹಿಡಿದಿದ್ದರೆ ಚಕ್ರ ಎಂಜಿನ್ನನ್ನು ತಿರುಗಿಸುತ್ತದೆ, ಇಂಧನ ಕಟ್ ಆಗಿರುತ್ತದೆ, ಬ್ರೇಕಿಗೂ ಆರಾಮ. ನ್ಯೂಟ್ರಲ್ ಹಾಕಿ ಇಳಿಸುವವರು ಈಗಲೂ ಇದ್ದಾರೆ. ಮೈಲೇಜೂ ಇಲ್ಲ, ಬ್ರೇಕೂ ಕಾಯುತ್ತದೆ.

ಆಯಿಲ್ 80ರಿಂದ 100 ಡಿಗ್ರಿ ಸೆಲ್ಸಿಯಸ್ ಇದ್ದರೆ ಮಾಮೂಲಿ. 120 ದಾಟಿದರೆ ಗಮನ ಕೊಡಿ. ಬಿಸಿಯಾದ ಎಚ್ಚರಿಕೆ ದೀಪ ಬಂದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಪಿ ಗೆ ಹಾಕಿ. ಎಂಜಿನ್ ಆಫ್ ಮಾಡಬೇಡಿ. ಐಡಲ್‌ನಲ್ಲಿ ಓಡುತ್ತಿದ್ದರೆ ಮಾತ್ರ ಆಯಿಲ್ ಕೂಲರ್‌ಗೆ ಹೋಗಿ ಬರುತ್ತದೆ.

ಈ ಲಾಕಪ್ ಎಲ್ಲ ಈಚೆಗೆ ಬಂದಿದ್ದಾ?

ಅಲ್ಲ. ಆಯಿಲ್ ಮೂಲಕ ಶಕ್ತಿ ದಾಟಿಸುವ ಯೋಚನೆಗೆ ಜರ್ಮನಿಯ ಹರ್ಮನ್ ಫೋಟಿಂಗರ್ 1905ರಲ್ಲೇ ಪೇಟೆಂಟ್ ಪಡೆದಿದ್ದರು. ಅದು ಹಡಗುಗಳಿಗೆಂದು ಮಾಡಿದ್ದು. ಕಾರಿನಲ್ಲಿ ಲಾಕಪ್ ಬಂದದ್ದು 1949ರಲ್ಲಿ, ಅಮೆರಿಕದ ಪ್ಯಾಕಾರ್ಡ್ ಕಂಪನಿಯ ಅಲ್ಟ್ರಾಮ್ಯಾಟಿಕ್‌ನಲ್ಲಿ. ಪೆಟ್ರೋಲ್ ಅಗ್ಗವಿದ್ದ ಕಾಲ, ಹೆಚ್ಚಿನವರಿಗೆ ಅದರ ಅಗತ್ಯ ಕಾಣಲಿಲ್ಲ. 1973ರ ತೈಲ ಬಿಕ್ಕಟ್ಟಿನ ನಂತರ ಎಲ್ಲರಿಗೂ ನೆನಪಾಯಿತು. 1978ರಲ್ಲಿ ಕ್ರೈಸ್ಲರ್ ತನ್ನ ಟಾರ್ಕ್‌ಫ್ಲೈಟ್‌ಗೆ ಲಾಕಪ್ ಹಾಕಿತು, ಸ್ವಲ್ಪ ಸಮಯದಲ್ಲೇ ಉಳಿದವರೂ ಹಿಂಬಾಲಿಸಿದರು.

## ಗಾಡಿ ತೊಂದರೆ ಕೊಟ್ಟಾಗ

60–70ರಲ್ಲಿ ಹೋಗುವಾಗ ರಂಬಲ್ ಸ್ಟ್ರಿಪ್ ಮೇಲೆ ಹೋದ ಹಾಗೆ ನಡುಗುತ್ತೆ. ವೀಲ್ ಬ್ಯಾಲೆನ್ಸ್ ಮಾಡಿಸಿದ್ರೂ ಹೋಗಲಿಲ್ಲ.

ಒಂದೆರಡು ಸೆಕೆಂಡ್ ನಡುಗಿ ನಿಲ್ಲುತ್ತದೆ, ಮತ್ತೆ ಬರುತ್ತದೆ, ಹಗುರವಾಗಿ ಆಕ್ಸಿಲರೇಟರ್ ಒತ್ತಿದಾಗ ಜಾಸ್ತಿ. ಹೀಗಿದ್ದರೆ ಲಾಕಪ್ ಕ್ಲಚ್ಚಿನ ಮೇಲೆ ಮೊದಲ ಅನುಮಾನ ಪಡಿ. ಲೈನಿಂಗ್ ಕಚ್ಚುತ್ತದೆ, ಜಾರುತ್ತದೆ, ಮತ್ತೆ ಕಚ್ಚುತ್ತದೆ. ಇದಕ್ಕೆ ಶಡ್ಡರ್ ಎನ್ನುತ್ತಾರೆ.

ನಡುಗುತ್ತಿರುವಾಗಲೇ ಬ್ರೇಕ್ ಪೆಡಲ್ ಒಂಚೂರು ಮುಟ್ಟಿ. ಥಟ್ಟನೆ ನಿಂತರೆ ಲಾಕಪ್ ಕಡೆಯದೇ ತೊಂದರೆ ಎನ್ನಲು ಬಲವಾದ ಸುಳಿವು. ನಿಲ್ಲದಿದ್ದರೆ ಟೈರ್, ಡ್ರೈವ್ ಶಾಫ್ಟ್, ಎಂಜಿನ್ ಮಿಸ್‌ಫೈರ್ ಕಡೆ ನೋಡಬೇಕು. ಮಿಸ್‌ಫೈರ್ ಎಷ್ಟೋ ಸಲ ಶಡ್ಡರ್ ಎನಿಸಿಬಿಡುತ್ತದೆ. ಲಾಕ್ ಆದಾಗ ಎಂಜಿನ್ನಿನ ನಡುಕ ನೇರವಾಗಿ ಗೊತ್ತಾಗುವುದರಿಂದ ಹೀಗೆ.

ಶಡ್ಡರ್ ಎಂದು ಖಚಿತವಾದರೆ ಮೊದಲು ಆಯಿಲ್ ಬದಲಾಯಿಸಿ. ಆಟೊಮ್ಯಾಟಿಕ್ ಆಯಿಲಿನಲ್ಲಿ ಘರ್ಷಣೆಯನ್ನು ಹದವಾಗಿಡುವ ರಾಸಾಯನಿಕಗಳಿರುತ್ತವೆ. ಅವು ಮುಗಿದು ಹೋದಾಗ ಕ್ಲಚ್ ನಯವಾಗಿ ಜಾರಲಾರದೆ ನಡುಗುತ್ತದೆ. ಲೈನಿಂಗ್ ಚೆನ್ನಾಗಿದ್ದರೆ ಸರಿಯಾದ ಗ್ರೇಡಿನ ಹೊಸ ಆಯಿಲಿಗೇ ಸರಿಹೋಗುವುದುಂಟು. ಸುಟ್ಟ ವಾಸನೆ ಬಂದು ಆಯಿಲ್ ಕಪ್ಪಾಗಿದ್ದರೆ ಆಸೆ ಕಮ್ಮಿ.

ಬ್ರೇಕ್ ಹಾಕಿ ನಿಲ್ಲಿಸಿದ ಕೂಡಲೇ ಎಂಜಿನ್ ಬಂದ್ ಆಗುತ್ತೆ. ಮತ್ತೆ ಸ್ಟಾರ್ಟ್ ಮಾಡಿದ್ರೆ ಸರಿ.

ಲಾಕಪ್ ಬಿಡದೆ ಅಂಟಿಕೊಂಡರೆ ಹೀಗಾಗುತ್ತದೆ, ಮ್ಯಾನ್ಯುಯಲ್ ಗಾಡಿಯನ್ನು ಕ್ಲಚ್ ಒತ್ತದೆ ನಿಲ್ಲಿಸಿದಂತೆಯೇ. 1980ರ ದಶಕದಲ್ಲಿ ಅಮೆರಿಕದಲ್ಲಿ ಜನರಲ್ ಮೋಟರ್ಸ್‌ನ 125ಸಿ ಗೇರ್‌ಬಾಕ್ಸ್ ಇದ್ದ ಕಾರುಗಳಲ್ಲಿ ಇದು ಕುಖ್ಯಾತ ಕಾಯಿಲೆಯಾಗಿತ್ತು. ಕಾರಣ ಸಿಕ್ಕಿಕೊಂಡ ಲಾಕಪ್ ಸೊಲೆನಾಯ್ಡ್. ಇಂಥ ಕಡೆ ಸೊಲೆನಾಯ್ಡನ್ನು ದೂರಿದರೆ ತಪ್ಪಿಲ್ಲ. ಆದರೆ ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಕೊಳೆಯಾಗಿದ್ದರೂ ಎಂಜಿನ್ ಇದೇ ರೀತಿ ನಿಲ್ಲುತ್ತದೆ. ವ್ಯತ್ಯಾಸ ಹೀಗೆ: ಲಾಕಪ್ ಅಂಟಿದ್ದರೆ ನಿಲ್ಲುವ ಮುಂಚೆ ಗಾಡಿ ಗಡಗಡ ಎಂದು ಒದರುತ್ತದೆ. ಬ್ರೇಕ್ ಹಾಕುತ್ತಲೇ ಎನ್ ಗೆ ತಂದರೆ ಎಂಜಿನ್ ಉಳಿಯುತ್ತದೆ.

ಸ್ಕ್ಯಾನರ್‌ನಲ್ಲಿ ಪಿ0741 ಬಂತು. "ಸೊಲೆನಾಯ್ಡ್ ಹೋಗಿದೆ" ಅಂದ್ರು. ಹಾಕಿಸಿದೆ. ಹದಿನೈದು ದಿನಕ್ಕೆ ಮತ್ತೆ ಅದೇ ಕೋಡ್.

ಬಹಳ ಜನರ ದುಡ್ಡು ಹೋಗುವುದು ಇಲ್ಲೇ. ಕೋಡ್ ಏನು ಹೇಳಿತು ಎಂದು ಸರಿಯಾಗಿ ಓದಬೇಕು.

ಪಿ0740, ಪಿ0743 ವಿದ್ಯುತ್ ಕಡೆಯ ದೂರುಗಳು. ತಂತಿ, ಕನೆಕ್ಟರ್ ಅಥವಾ ಸುರುಳಿ ಸರಿಯಿಲ್ಲ ಎಂದರ್ಥ. ಪಿ0741 ಹಾಗಲ್ಲ. "ಲಾಕ್ ಆಗು ಎಂದೆ, ಆದರೂ ಸ್ಲಿಪ್ ಕಮ್ಮಿಯಾಗಲಿಲ್ಲ" ಎಂದು ಟಿಸಿಎಂ ಹೇಳುತ್ತಿದೆ. ಅದು ಎಂಜಿನ್ ಆರ್‌ಪಿಎಂ ಮತ್ತು ಶಾಫ್ಟಿನ ಆರ್‌ಪಿಎಂ ಎರಡನ್ನೂ ಹೋಲಿಸಿ ಈ ಮಾತು ಹೇಳುತ್ತದೆ. ಯಾಕೆ ಲಾಕ್ ಆಗಲಿಲ್ಲ ಎಂದು ಅದಕ್ಕೆ ತಿಳಿಯದು. ಪಿ0742 ಇದರ ಉಲ್ಟಾ, ಬಿಡು ಎಂದರೂ ಬಿಡುತ್ತಿಲ್ಲ.

ಪಿ0741 ಬರಲು ಕಾರಣ ಹಲವು. ಆಯಿಲ್ ಕಮ್ಮಿ ಇರಬಹುದು. ಸೊಲೆನಾಯ್ಡಿನ ಜಾಲರಿ ಕಟ್ಟಿರಬಹುದು. ಲಾಕಪ್ ವಾಲ್ವ್ ಜಾರುವ ಅಲ್ಯೂಮಿನಿಯಂ ಕೊಳವೆ ಸವೆದು ಒತ್ತಡ ಸೋರುತ್ತಿರಬಹುದು. ಕನ್ವರ್ಟರ್ ಒಳಗಿನ ಲೈನಿಂಗೇ ಮುಗಿದಿರಬಹುದು. ಕೊನೆಯ ಎರಡರಲ್ಲಿ ಸೊಲೆನಾಯ್ಡ್ ಹೊಸದಾದರೇನು, ಹಳೆಯದಾದರೇನು. ನಾನಾದರೆ ಆಯಿಲ್ ಮಟ್ಟ ಮತ್ತು ಬಣ್ಣ, ಆಮೇಲೆ ಕನೆಕ್ಟರ್, ಆಮೇಲೆ ಲೈವ್ ಡೇಟಾದಲ್ಲಿ ಸ್ಲಿಪ್, ಆಮೇಲೆ ವಾಲ್ವ್ ಬಾಡಿ ಎಂದು ಹೋಗುತ್ತೇನೆ. ಕನ್ವರ್ಟರ್ ಎಲ್ಲಕ್ಕಿಂತ ಕೊನೆಗೆ, ಯಾಕೆಂದರೆ ಅದಕ್ಕೆ ಗೇರ್‌ಬಾಕ್ಸ್ ಇಳಿಸಬೇಕು. ಪಿ0700 ಒಂದೇ ಬಂದರೆ ಅದು ದೋಷವೇ ಅಲ್ಲ, "ಟಿಸಿಎಂ ಒಳಗೆ ಬೇರೆ ಕೋಡ್ ಇದೆ, ಅಲ್ಲಿ ನೋಡಿ" ಎನ್ನುವ ಸೂಚನೆ.

ಬೆಳಿಗ್ಗೆ ಚೆನ್ನಾಗಿರುತ್ತೆ. ಒಂದು ಗಂಟೆ ಟ್ರಾಫಿಕ್‌ನಲ್ಲಿ ನಿಂತ ಮೇಲೆ ತಕರಾರು ಶುರು.

ಬಿಸಿಯಾದಾಗ ಎರಡು ಬದಲಾವಣೆ ಆಗುತ್ತವೆ. ಆಯಿಲ್ ತೆಳುವಾಗುತ್ತದೆ, ಸವೆದ ಸಂದಿಗಳಲ್ಲಿ ಜಾಸ್ತಿ ಸೋರುತ್ತದೆ. ಜೊತೆಗೆ ತಾಮ್ರದ ತಂತಿಯ ರೆಸಿಸ್ಟೆನ್ಸ್ ಏರುತ್ತದೆ. 20 ಡಿಗ್ರಿಯಲ್ಲಿ 13 ಓಮ್ ಇದ್ದ ಸುರುಳಿ 100 ಡಿಗ್ರಿಯಲ್ಲಿ ಸುಮಾರು 17 ಓಮ್ ತೋರಿಸುತ್ತದೆ. ಅಷ್ಟೇ ಕರೆಂಟ್ ಕಮ್ಮಿ, ಎಳೆತವೂ ಕಮ್ಮಿ. ಆರೋಗ್ಯವಾಗಿರುವ ಸೊಲೆನಾಯ್ಡ್ ಇದನ್ನು ತಡೆದುಕೊಳ್ಳುತ್ತದೆ. ಕಬ್ಬಿಣದ ಪುಡಿ ಹಿಡಿದು ಬಿಗಿಯಾಗಿರುವುದು ಕೈಕೊಡುತ್ತದೆ. ಹಾಗಾಗಿ ಗ್ಯಾರೇಜಿಗೆ ಬೆಳಿಗ್ಗೆ ತಣ್ಣಗಿನ ಗಾಡಿ ಬಿಟ್ಟು ಬಂದು "ಏನೂ ತೊಂದರೆ ಸಿಗಲಿಲ್ಲ" ಎಂದು ಕೇಳಿಸಿಕೊಳ್ಳಬೇಡಿ. ತೊಂದರೆ ಬರುವಾಗಲೇ ತೋರಿಸಿ.

ಶೋರೂಮಿನಲ್ಲಿ "ಗೇರ್ ಆಯಿಲ್ ಲೈಫ್‌ಟೈಮ್, ಮುಟ್ಟೋದೇ ಬೇಡ" ಅಂದ್ರು. ನಿಜಾನಾ?

ಯಾರ ಲೈಫ್‌ಟೈಮ್ ಎಂದು ಕೇಳಬೇಕಿತ್ತು. ಹಲವು ದುಬಾರಿ ಕಾರುಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರ್ ಒಳಗೆ ಅಥವಾ 8 ವರ್ಷಕ್ಕೆ ಆಯಿಲ್ ಬದಲಾಯಿಸಿ ಎನ್ನುತ್ತದೆ. ನಮ್ಮ ಬಿಸಿಲು, ಟ್ರಾಫಿಕ್, ಘಾಟಿ ನೋಡಿದರೆ ಇನ್ನೂ ಬೇಗ ಮಾಡಿಸಿದರೂ ನಷ್ಟವಿಲ್ಲ.

ಡ್ರೇನ್ ಬೋಲ್ಟ್ ಬಿಚ್ಚಿದರೆ ಪೂರ್ತಿ ಆಯಿಲ್ ಬರುವುದಿಲ್ಲ. ಕನ್ವರ್ಟರಿನಲ್ಲಿ ಬಹಳಷ್ಟು ಉಳಿಯುತ್ತದೆ. ಸ್ವಲ್ಪ ದಿನ ಓಡಿಸಿ ಇನ್ನೊಂದೆರಡು ಸಲ ಬದಲಾಯಿಸುವುದು ಒಳ್ಳೆಯ ದಾರಿ. ಡಿಪ್‌ಸ್ಟಿಕ್ ಇಲ್ಲದ ಗೇರ್‌ಬಾಕ್ಸ್‌ಗಳಲ್ಲಿ ಮಟ್ಟ ನೋಡಲು ಆಯಿಲ್ ನಿಗದಿತ ಬಿಸಿಯಲ್ಲಿರಬೇಕು. ಟೊಯೋಟಾದ ಹಲವದಕ್ಕೆ 35–45 ಡಿಗ್ರಿ. ಎಂಜಿನ್ ಓಡುತ್ತಿರುವಾಗಲೇ ಓವರ್‌ಫ್ಲೋ ಬೋಲ್ಟ್ ತೆಗೆದು ನೋಡಬೇಕು. ಸುಡುಸುಡು ಆಯಿಲ್ ಇದ್ದಾಗ ತೆಗೆದರೆ ಹಿಗ್ಗಿದ ಆಯಿಲ್ ಹೊರಗೆ ಬಂದು ಮಟ್ಟ ಕಮ್ಮಿಯಾಗುತ್ತದೆ.

ಪ್ಯಾನ್ ಬಿಚ್ಚಿಸಿದರೆ ಒಳಗಿನ ಅಯಸ್ಕಾಂತವನ್ನು ನೀವೇ ನೋಡಿ. ಕಾಡಿಗೆಯಷ್ಟು ನುಣುಪಾದ ಬೂದು ಹಸಿಟ್ಟಿದ್ದರೆ ಚಿಂತೆಯಿಲ್ಲ. ಚುಚ್ಚುವ ಲೋಹದ ಚೂರು ಸಿಕ್ಕರೆ ಆಯಿಲ್ ಬದಲಾಯಿಸಿ ಸುಮ್ಮನಾಗಬೇಡಿ.

## ಸ್ವಲ್ಪ ಆಳಕ್ಕೆ

ಸೊಲೆನಾಯ್ಡನ್ನ ನಾವೇ ಮೀಟರ್ ಇಟ್ಟು ಟೆಸ್ಟ್ ಮಾಡಬಹುದಾ?

ಮಾಡಬಹುದು, ಬಗೆ ಗೊತ್ತಿರಬೇಕು. ಟೊಯೋಟಾದ ಆನ್-ಆಫ್ ಬಗೆಯದು 20 ಡಿಗ್ರಿಯಲ್ಲಿ 11–15 ಓಮ್, ಲೀನಿಯರ್ 5.0–5.6 ಓಮ್ ತೋರಿಸಬೇಕು. ಬೇರೆ ಕಂಪನಿಯದಕ್ಕೆ ಅದರದ್ದೇ ಮ್ಯಾನ್ಯುಯಲ್ ನೋಡಿ.

ಆನ್-ಆಫ್ ಬಗೆಗೆ 12 ವೋಲ್ಟ್ ಕೊಟ್ಟರೆ ಟಕ್ ಎನ್ನಬೇಕು. ಲೀನಿಯರ್‌ಗೆ ನೇರ ಬ್ಯಾಟರಿ ಕೊಡಬಾರದು. ಎರಡು ಆಂಪಿಯರಿಗಿಂತ ಜಾಸ್ತಿ ಹರಿದು ಸುರುಳಿ ಸುಡಬಹುದು. ಮಧ್ಯೆ 21 ವಾಟಿನ ಬಲ್ಬ್ ಸಿಕ್ಕಿಸಿ ಕೊಡಿ. ಓಮ್ ಸರಿ ಬಂತು, ಟಕ್ ಎಂದಿತು ಎಂದ ಮಾತ್ರಕ್ಕೆ ಸೊಲೆನಾಯ್ಡ್ ಪಾಸ್ ಅಲ್ಲ. ಸುರುಳಿ ಬದುಕಿದೆ ಎಂದಷ್ಟೇ ಗೊತ್ತಾಯಿತು. ಮೂತಿ ಸೋರುತ್ತಿದೆಯೇ ಎಂದು ತಿಳಿಯಲು ಗಾಳಿ ಹಾಕಿ ನೋಡಬೇಕು, ಆನ್ ಮತ್ತು ಆಫ್ ಎರಡೂ ಸ್ಥಿತಿಯಲ್ಲಿ.

ಹೊಸ ಸೊಲೆನಾಯ್ಡ್ ಹಾಕಿದ ಮೇಲೆ ಮೊದಲಿಗಿಂತ ಜಾಸ್ತಿ ಜರ್ಕ್. ಡೂಪ್ಲಿಕೇಟ್ ಕೊಟ್ರಾ?

ಅಸಲಿಯೇ ಇರಬಹುದು. ಹಳೆಯ ಸೊಲೆನಾಯ್ಡ್ ಸವೆದಂತೆಲ್ಲ ಟಿಸಿಎಂ ಅದಕ್ಕೆ ತಕ್ಕಂತೆ ತನ್ನ ಲೆಕ್ಕ ತಿದ್ದಿಕೊಂಡಿರುತ್ತದೆ. ಹೊಸದಕ್ಕೂ ಅದೇ ಹಳೆಯ ಲೆಕ್ಕ ಹಾಕಿದರೆ ಒತ್ತಡ ತಪ್ಪುತ್ತದೆ. ಸ್ಕ್ಯಾನರ್‌ನಲ್ಲಿ ಕಲಿತದ್ದನ್ನು ಅಳಿಸಿ, ಹೊಸದಾಗಿ ಕಲಿಸಬೇಕು. ಟೊಯೋಟಾದ ಹಲವು 6 ಸ್ಪೀಡ್‌ಗಳಲ್ಲಿ ಬಿಡಿಭಾಗದ ಜೊತೆ ಒಂದು ಕೋಡ್ ಚೀಟಿ ಬರುತ್ತದೆ. ಆ ಭಾಗವನ್ನು ಕಾರ್ಖಾನೆಯಲ್ಲಿ ಅಳೆದಾಗ ಸಿಕ್ಕ ಸಣ್ಣ ವ್ಯತ್ಯಾಸಗಳ ದಾಖಲೆ ಅದು. ಅದನ್ನು ಟಿಸಿಎಂಗೆ ತುಂಬಿಸಬೇಕು. ಚೀಟಿ ಕಿತ್ತು ಬಿಸಾಡಿದ್ದರೆ ಜರ್ಕ್ ಬರುವುದರಲ್ಲಿ ಆಶ್ಚರ್ಯವಿಲ್ಲ. ಹೊರಗೆ ಸೆಕೆಂಡ್ ಹ್ಯಾಂಡ್ ವಾಲ್ವ್ ಬಾಡಿ ಕೊಳ್ಳುವವರೂ ಇದನ್ನು ನೆನಪಿಡಿ.

ಲಾಕ್ ಆಗಿದೆ ಅಂತ ತೋರಿಸುತ್ತೆ, ಆದ್ರೂ ಸ್ಲಿಪ್ 30–50 ಆರ್‌ಪಿಎಂ ಇದೆ. ಕ್ಲಚ್ ಸವೆದಿದೆಯಾ?

ಈಗಿನ ಗಾಡಿಯಾದರೆ ಅದು ಬೇಕೆಂದೇ ಮಾಡಿದ್ದು. ಪೂರ್ತಿ ಕಚ್ಚಿದರೆ ಕಮ್ಮಿ ಆರ್‌ಪಿಎಂನಲ್ಲಿ ಎಂಜಿನ್ನಿನ ನಡುಕ, ಗುಂಯ್ ಎನ್ನುವ ಶಬ್ದ ಒಳಗೆ ಬರುತ್ತದೆ. ಸ್ವಲ್ಪವೇ ಜಾರಲು ಬಿಟ್ಟರೆ ನಡುಕ ಅಲ್ಲೇ ಸತ್ತು ಹೋಗುತ್ತದೆ. ಹೀಗೆ ಲೆಕ್ಕದಲ್ಲಿ ಜಾರಿಸುವುದರಿಂದ ಕಮ್ಮಿ ವೇಗದಲ್ಲೇ ಲಾಕಪ್ ಬಳಸಬಹುದು. ಸ್ಲಿಪ್ ಒಂದೇ ಮಟ್ಟದಲ್ಲಿದ್ದರೆ ಸರಿ. 20, 150, 40, 200 ಎಂದು ಕುಣಿಯುತ್ತಿದ್ದರೆ ಮಾತ್ರ ಚಿಂತಿಸಿ. ಈ ಬಗೆಯ ಕ್ಲಚ್ಚಿಗೆ ಆಯಿಲ್ ಗ್ರೇಡ್ ಬಹಳ ಮುಖ್ಯ. "ಯಾವ ಎಟಿಎಫ್ (ಆಟೊಮ್ಯಾಟಿಕ್ ಗೇರ್ ಆಯಿಲ್) ಆದರೂ ನಡೆಯುತ್ತೆ" ಎನ್ನುವ ಅಂಗಡಿಯವರ ಮಾತು ಕೇಳಬೇಡಿ.

ಕನ್ವರ್ಟರ್ ಹಾಳು ಅಂದ್ರು. ಲಾಕಪ್ ಹಾಳಾ, ಸ್ಟೇಟರ್ ಹಾಳಾ ಅಂತ ಹೇಗೆ ಗೊತ್ತಾಗೋದು?

ಗಾಡಿ ಹೊರಡುವಾಗ ಎಳೆತವೇ ಇಲ್ಲ, ವೇಗ ಹಿಡಿದ ಮೇಲೆ ಸರಿ ಎಂದರೆ ಸ್ಟೇಟರಿನ ಒಂದು ದಿಕ್ಕಿನ ಕ್ಲಚ್ ಹಿಡಿಯುತ್ತಿಲ್ಲ. ಹೊರಡುವಾಗ ಚೆನ್ನಾಗಿದ್ದು ಹೆದ್ದಾರಿಯಲ್ಲಿ ವೇಗ ಏರದೆ ಆಯಿಲ್ ಕಾಯುತ್ತಿದ್ದರೆ ಸ್ಟೇಟರ್ ತಿರುಗದೆ ಕಚ್ಚಿಕೊಂಡಿದೆ. ಎರಡೂ ಕಡೆ ಎಳೆತ ಸರಿ, ಮೈಲೇಜ್ ಮಾತ್ರ ಬಿದ್ದಿದೆ, ಟಾಪ್ ಗೇರಿನಲ್ಲಿ ಆರ್‌ಪಿಎಂ ಜಾಸ್ತಿ ಎಂದರೆ ಲಾಕಪ್. ಬ್ರೇಕ್ ಒತ್ತಿ ಫುಲ್ ಆಕ್ಸಿಲರೇಟರ್ ಕೊಡುವ ಸ್ಟಾಲ್ ಟೆಸ್ಟ್ 5 ಸೆಕೆಂಡ್ ದಾಟಬಾರದು. ಅದನ್ನು ಗೊತ್ತಿರುವವರಿಗೇ ಬಿಡಿ.

ಕನ್ವರ್ಟರ್ ರಿಪೇರಿ ಮಾಡಿಸಬಹುದಾ, ಹೊಸದೇ ಹಾಕಬೇಕಾ?

ರಿಪೇರಿ ಆಗುತ್ತದೆ. ಬೆಸೆದ ಕವಚವನ್ನು ಲೇತ್‌ನಲ್ಲಿ ಕತ್ತರಿಸಿ, ಹೊಸ ಲೈನಿಂಗ್ ಅಂಟಿಸಿ, ಬೇರಿಂಗ್ ಮತ್ತು ಸೀಲ್ ಬದಲಾಯಿಸಿ, ಮತ್ತೆ ಬೆಸೆದು, ಸೋರಿಕೆ ನೋಡಿ, ಬ್ಯಾಲೆನ್ಸ್ ಮಾಡಬೇಕು. ಬ್ಯಾಲೆನ್ಸ್ ಯಂತ್ರ ಇಲ್ಲದ ಕಡೆ ಮಾಡಿಸಬೇಡಿ. ಹಳೆಯ ಲೈನಿಂಗಿನ ಪುಡಿ ಆಯಿಲ್ ಕೂಲರಿನಲ್ಲೂ ಕೂತಿರುತ್ತದೆ. ಅದನ್ನು ತೊಳೆಯದೆ ಅಥವಾ ಬದಲಾಯಿಸದೆ ಹೊಸ ಕನ್ವರ್ಟರ್ ಹಾಕಿದರೆ ಆ ಪುಡಿ ನೇರವಾಗಿ ಸೊಲೆನಾಯ್ಡ್‌ಗಳಿಗೆ ಹೋಗುತ್ತದೆ.

ಜೋಡಿಸುವಾಗ ಕನ್ವರ್ಟರಿನ ಕುತ್ತಿಗೆ ಪಂಪಿನೊಳಗೆ ಪೂರ್ತಿ ಕೂರಬೇಕು. ಅರ್ಧ ಕೂತಿದ್ದಾಗ ಗೇರ್‌ಬಾಕ್ಸ್ ಬೋಲ್ಟ್ ಬಿಗಿದರೆ ಮೊದಲ ಸ್ಟಾರ್ಟಿಗೇ ಪಂಪ್ ಒಡೆಯುತ್ತದೆ. ಬಿಗಿಯುವ ಮುಂಚೆ ಕನ್ವರ್ಟರ್ ಕೈಯಲ್ಲಿ ಸಲೀಸಾಗಿ ತಿರುಗುತ್ತಿದೆಯೇ ನೋಡಿ. ಹೌಸಿಂಗ್ ಅಂಚಿನಿಂದ ಅದು ಎಷ್ಟು ಒಳಗಿದೆ ಎಂದು ಸ್ಕೇಲ್ ಇಟ್ಟು ಅಳೆದು, ಮ್ಯಾನ್ಯುಯಲ್‌ನಲ್ಲಿ ಕೊಟ್ಟ ಅಳತೆಗೆ ಹೋಲಿಸಿ.